ಇರುವೆಯ ಸೊಂಟ ನೋಡಿದ್ದೀರಾ?

ಪ್ರಶ್ನೆ: ಒಂದು ವರ್ಷದಿಂದ ಇರುವೆಗಳ ಫೋಟೊ ತೆಗೆಯುತ್ತಿದ್ದೇನೆ. ಎಲ್ಲವನ್ನೂ ಹರವಿಕೊಂಡು ನೋಡಿದರೆ ಕಪ್ಪಿರುವೆ, ಕೆಂಪಿರುವೆ ಎರಡೇ ಬಗೆ ಕಾಣುತ್ತವೆ. ಉಳಿದ ವೈವಿಧ್ಯ ಎಲ್ಲಿ ಹೋಯಿತು?

ಉತ್ತರ: ನೀವು ಮೇಲಿನಿಂದ ಬಗ್ಗಿ ತೆಗೆಯುತ್ತಿದ್ದೀರಿ. ಹಾಗೆ ತೆಗೆದರೆ ಸಿಗುವುದು ಬೆನ್ನು ಮಾತ್ರ. ಈವರೆಗೆ ಹೆಸರು ಪಡೆದಿರುವ ಇರುವೆ ಪ್ರಭೇದಗಳು 14,000ಕ್ಕೂ ಹೆಚ್ಚು. ಅವನ್ನು ಬೇರ್ಪಡಿಸುವ ಗುರುತುಗಳಲ್ಲಿ ಬಹುಪಾಲು ಇರುವುದು ಮುಖದಲ್ಲಿ ಮತ್ತು ಪಕ್ಕದ ನೋಟದಲ್ಲಿ. ಇರುವೆಗಳ ಚಿತ್ರಕೋಶವಾದ ಆಂಟ್‌ವೆಬ್‌ನಲ್ಲೂ ಒಂದು ಮಾದರಿಗೆ ನೇರ ಮುಖ, ಪಕ್ಕ, ಮೇಲು ಎಂದು ಮೂರು ನೋಟಗಳಿರುತ್ತವೆ. ನೀವೂ ಅದೇ ರೂಢಿ ಇಟ್ಟುಕೊಳ್ಳಿ. ಒಂದೇ ನೋಟಕ್ಕೆ ಅವಕಾಶ ಸಿಕ್ಕರೆ ಪಕ್ಕದ್ದನ್ನು ತೆಗೆಯಿರಿ.

ಪಕ್ಕದಿಂದ ಮೊದಲು ಸೊಂಟ ನೋಡಿ. ಎದೆಗೂ ಹೊಟ್ಟೆಗೂ ನಡುವೆ ಗಂಟು ಒಂದೋ, ಎರಡೋ? ಗೊದ್ದಕ್ಕೆ, ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗಕ್ಕೆ ಒಂದು. ಫೀಡೋಲೆ, ಕ್ರೆಮಾಟೋಗ್ಯಾಸ್ಟರ್ ಕುಲದವಕ್ಕೆ (ಕುಲ ಎಂದರೆ ಹತ್ತಿರದ ಪ್ರಭೇದಗಳ ಗುಂಪು) ಎರಡು. ಕ್ರೆಮಾಟೋಗ್ಯಾಸ್ಟರ್‌ನ ಎರಡನೆಯ ಗಂಟು ಹೊಟ್ಟೆಯ ಮೇಲ್ಬದಿಗೆ ಸೇರಿಕೊಂಡಿರುತ್ತದೆ. ಗಾಬರಿಯಾದಾಗ ಅದು ಹೊಟ್ಟೆಯನ್ನು ತಲೆಯ ಮೇಲಕ್ಕೆ ಬಗ್ಗಿಸುವುದು ಇದರ ಬಲದಿಂದಲೇ. ಆ ಹೊಟ್ಟೆ ಮೇಲಿನಿಂದ ಹೃದಯದಾಕಾರ. ಬೆನ್ನಿನ ಫೋಟೊ ಕೆಲಸಕ್ಕೆ ಬರುವ ಅಪರೂಪದ ಸಂದರ್ಭ ಇದು. ನಿಮ್ಮ ಕಪ್ಪಿರುವೆಗಳಲ್ಲೂ ಎರಡು ಕುಲ ಬೆರೆತಿರಬಹುದು. ಬೆನ್ನು ಬಿಲ್ಲಿನಂತೆ ನುಣ್ಣಗೆ ಬಾಗಿದ್ದರೆ ಕ್ಯಾಂಪೊನೋಟಸ್, ಎದೆಯ ಮೇಲೋ ಸೊಂಟದ ಮೇಲೋ ಮುಳ್ಳುಗಳಿದ್ದರೆ ಪಾಲಿರ್‍ಹೇಕಿಸ್ ಇರಬಹುದೆಂದು ಮೊದಲು ಊಹಿಸಿ.

ಗಾತ್ರವನ್ನು ಮಾತ್ರ ನಂಬಬೇಡಿ. ಫೀಡೋಲೆಯ ಒಂದೇ ಗೂಡಿನಲ್ಲಿ ಸಣ್ಣ ಕೆಲಸಗಾರ್ತಿಯೂ ಇರುತ್ತದೆ, ಮೈಗೆ ಹೊಂದದಷ್ಟು ದಪ್ಪ ತಲೆಯದೂ ಇರುತ್ತದೆ. ಅವು ಅಕ್ಕತಂಗಿಯರು, ಬೇರೆ ಪ್ರಭೇದಗಳಲ್ಲ.

ಪ್ರಶ್ನೆ: ನನ್ನ ಬಳಿ 50 ಮಿ.ಮೀ. ಲೆನ್ಸ್ ಮಾತ್ರ ಇದೆ. ಸಣ್ಣದನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಕೊಳ್ಳಲೇಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ) ಸಾಕು. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಹಿಗ್ಗಿಸುತ್ತದೆ ಎಂಬುದು ತಿಳಿಯುತ್ತದೆ. 12, 20, 36 ಮಿ.ಮೀ. ಮೂರನ್ನೂ ಜೋಡಿಸಿದರೆ 68. ನಿಮ್ಮ ಲೆನ್ಸಿನ ಫೋಕಲ್ ಲೆಂಗ್ತ್ ಆದ 50ರಿಂದ ಭಾಗಿಸಿದರೆ ಸುಮಾರು 1.36 ಪಟ್ಟು. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರಿನ (ಚಿತ್ರ ಹಿಡಿಯುವ ಫಲಕದ) ಅಗಲ 36 ಮಿ.ಮೀ. ಆದ್ದರಿಂದ 1 ಪಟ್ಟಿನಲ್ಲಿ, ಅಂದರೆ ಸೆನ್ಸರಿನ ಮೇಲೆ ನಿಜಗಾತ್ರದಲ್ಲೇ ಬಿದ್ದರೆ, 4 ಮಿ.ಮೀ. ಇರುವೆ ಚೌಕಟ್ಟಿನ ಒಂಬತ್ತನೇ ಒಂದು ಭಾಗ ಮಾತ್ರ ತುಂಬುತ್ತದೆ. ಮುಖದ ವಿವರ ಬೇಕೆಂದರೆ 2 ಪಟ್ಟಾದರೂ ಬೇಕು, ಅದಕ್ಕೆ ಈ ಮೂರು ಟ್ಯೂಬ್ ಸಾಲವು. ಟ್ಯೂಬ್ ಹಾಕಿದಾಗ ಲೆನ್ಸಿನ ಮೂತಿ ಇರುವೆಗೆ ಕೆಲವೇ ಸೆಂಟಿಮೀಟರ್ ಹತ್ತಿರ ಬರುತ್ತದೆ, ನೆನಪಿರಲಿ.

ಎಲ್ಲವೂ ಸ್ಪಷ್ಟವಾಗಲಿ ಎಂದು ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ; ಎಫ್ ಅಂಕಿ ಹೆಚ್ಚಿದಷ್ಟೂ ಅದು ಕಿರಿದು) ಎಫ್/22ಕ್ಕೆ ಇಳಿಸುವವರಿದ್ದಾರೆ. ಇಲ್ಲೇ ಎಡವುವುದು. 2 ಪಟ್ಟಿನಲ್ಲಿ ಎಫ್/11 ಇಟ್ಟರೂ ಅದು ಎಫ್/33ರಂತೆ ವರ್ತಿಸುತ್ತದೆ (ಅಂಕಿಯನ್ನು 1 ಕೂಡಿಸಿದ ಹಿಗ್ಗುವಿಕೆಯಿಂದ ಗುಣಿಸಿ: 11×3). ಇನ್ನೂ ಕಿರಿದು ಮಾಡಿದರೆ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/8, ಎಫ್/11ರ ಆಚೆ ಹೋಗಬೇಡಿ. ಎಫ್/11ರಲ್ಲಿ ಫೋಕಸ್ ಸಿಗುವ ಆಳ 1 ಪಟ್ಟಿಗೆ ಸುಮಾರು 1.3 ಮಿ.ಮೀ., 2 ಪಟ್ಟಿಗೆ ಅರ್ಧ ಮಿ.ಮೀ. ಆಟೋಫೋಕಸ್ ಇಲ್ಲಿ ಕೆಲಸಕ್ಕೆ ಬಾರದು. ಅದನ್ನು ನಿಲ್ಲಿಸಿ, ಎಡಗೈಯಲ್ಲಿ ರೆಂಬೆ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿ, ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಕಣ್ಣು ಸ್ಪಷ್ಟವಾದ ಕ್ಷಣ ಒತ್ತಿ.

ಪ್ರಶ್ನೆ: ಫ್ಲ್ಯಾಶ್ ಹಾಕಿದರೆ ಇರುವೆಯ ಮೈಮೇಲೆ ಬಿಳಿ ಚುಕ್ಕೆ ಬೀಳುತ್ತದೆ, ಹಿನ್ನೆಲೆ ಕಗ್ಗತ್ತಲಾಗುತ್ತದೆ. ಫ್ಲ್ಯಾಶ್ ಬಿಟ್ಟುಬಿಡಲೇ?

ಉತ್ತರ: ಬಿಟ್ಟರೆ ಓಡುವ ಇರುವೆ ಮಸುಕಾಗುತ್ತದೆ. ಫ್ಲ್ಯಾಶಿನ ಶಕ್ತಿಯನ್ನು 1/16 ಅಥವಾ 1/32ಕ್ಕೆ ಇಳಿಸಿ. ಆಗ ಮಿಂಚು ಬಲು ಕಿರಿದಾಗಿ ಓಟವನ್ನು ಹಿಡಿದು ನಿಲ್ಲಿಸುತ್ತದೆ. ಶಟರ್ 1/160 ಸೆಕೆಂಡ್, ಬೆಳಕಿನ ಸಂವೇದನೆ ತೋರಿಸುವ ಐಎಸ್‌ಒ 200ರಿಂದ ಶುರುಮಾಡಿ. ಇರುವೆಯ ಮೈ ಕನ್ನಡಿಯಂತೆ. ಬೆಳಕಿನ ಮೂಲದ ಆಕಾರವನ್ನೇ ಅದು ತೋರಿಸುತ್ತದೆ. ಹಾಗಾಗಿ ಆ ಮೂಲವನ್ನು ಇರುವೆಯ ಕಣ್ಣಿಗೆ ದೊಡ್ಡದು ಮಾಡಬೇಕು. ಒಳಗೆ ಬಿಳಿ ಕಾಗದ ಅಂಟಿಸಿದ ರಟ್ಟಿನ ಕೊಳವೆಯನ್ನು ಫ್ಲ್ಯಾಶಿಗೆ ಸಿಕ್ಕಿಸಿ, ಅದರ ಬಾಯಿಗೆ ಟ್ರೇಸಿಂಗ್ ಹಾಳೆ ಎರಡು ಪದರ ಕಟ್ಟಿ, ಲೆನ್ಸಿನ ಮೂತಿಯ ಮೇಲೆ ಬಾಗಿ ನಿಲ್ಲುವಂತೆ ತನ್ನಿ. ಚುಕ್ಕೆ ಮಾಯವಾಗಿ ಮೆದುವಾದ ಹೊಳಪು ಬರುತ್ತದೆ, ಮೈಮೇಲಿನ ಸಣ್ಣ ರೋಮಗಳೂ ಎದ್ದು ಕಾಣುತ್ತವೆ. ಕತ್ತಲ ಹಿನ್ನೆಲೆಗೆ ಮದ್ದು, ಇರುವೆಯ ಹಿಂದೆ ಐದಾರು ಸೆಂಟಿಮೀಟರಿನಲ್ಲಿ ಒಂದು ಎಲೆ.

ಪ್ರಶ್ನೆ: ಒಂದು ಕ್ಷಣವೂ ನಿಲ್ಲುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸುಮ್ಮನಿರುತ್ತವಂತೆ?

ಉತ್ತರ: ಸುಮ್ಮನಿರುತ್ತವೆ, ಸತ್ತಂತೆ. ಕಾಲು ಮಡಚಿ, ಕುಡಿಮೀಸೆ ಜೋತುಬೀಳುತ್ತದೆ. ಹೊರತೆಗೆದ ಕೂಡಲೇ ಮೈಮೇಲೆ ನೀರಹನಿ ಕೂರುತ್ತದೆ. ಆ ಫೋಟೊ ಯಾರಿಗೂ ಬೇಡ. ಅದರ ಬದಲು ಕಡ್ಡಿಯ ತುದಿಯಲ್ಲಿ ಸಕ್ಕರೆ ನೀರಿನ ಸಣ್ಣ ಹನಿ ಇಡಿ. ಕುಡಿಯಲು ತಲೆ ಬಗ್ಗಿಸಿದ ಇರುವೆ ಸ್ವಲ್ಪ ಹೊತ್ತು ಅಲುಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಪಟ್ಟಿಗಳ ನಡುವಿನ ತೆಳು ಪೊರೆ ಹಿಗ್ಗಿ ಹೊಸ ಬಣ್ಣದ ಪಟ್ಟೆಗಳಂತೆ ಕಾಣುತ್ತದೆ. ಗುರುತಿಸಲು ಬೇಕಾದ ಫೋಟೊವನ್ನು ಮೊದಲ ಗುಟುಕಿನಲ್ಲೇ ತೆಗೆದುಬಿಡಿ. ಬೇಟೆಯಾಡುವ ಜಾತಿಗಳು ಸಿಹಿಗೆ ಒಲಿಯದಿರಬಹುದು. ಮತ್ತೊಂದು, ಗೂಡಿನ ಬಾಯಲ್ಲಿ ಉಸಿರು ಬಿಡಬೇಡಿ. ಉಸಿರು ತಾಕಿದರೆ ಇಡೀ ಗೂಡೇ ಎದ್ದು ಬರುತ್ತದೆ. ಕೆಂಜಿಗದ ಗೂಡಾದರೆ ಕಣ್ಣಿಗೆ ಕನ್ನಡಕ ಇರಲಿ, ಆಮ್ಲ ಸಿಡಿಸುತ್ತದೆ.

ಪ್ರಶ್ನೆ: ಕೆಂಜಿಗದ ಸಾಲಿನ ಪಕ್ಕ ಒಂಟಿಯಾಗಿ ಓಡಾಡುತ್ತಿದ್ದ, ಮುಂದೆ ಎರಡು ದೊಡ್ಡ ಕಣ್ಣುಗಳಿದ್ದ ಕೆಂಪಿರುವೆಯ ಫೋಟೊ ಸಿಕ್ಕಿತು. ಇದು ಯಾವ ಪ್ರಭೇದ?

ಉತ್ತರ: ಫೋಟೊ ದೊಡ್ಡದು ಮಾಡಿ ಕಾಲು ಎಣಿಸಿ. ಎಂಟಿದ್ದರೆ ಅದು ಇರುವೆಯ ವೇಷದ ಜಿಗಿಯುವ ಜೇಡ. ಮುಂದಿನ ಜೋಡಿ ಕಾಲನ್ನೇ ಕುಡಿಮೀಸೆಯಂತೆ ಎತ್ತಿ ಆಡಿಸುತ್ತಿರುತ್ತದೆ.