ಹಾರ್ಮೋನಿಯಂ ಶ್ರುತಿ ಇಳಿಸಿ, ಭಜನೆಗೆ ಹೋಗಿ

ಪ್ರಶ್ನೆ: ನನಗೆ 52 ವರ್ಷ, ಯಾದಗಿರಿ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಚಿಕ್ಕಂದಿನಿಂದ ವಚನ, ತತ್ವಪದ ಹಾಡುತ್ತ ಬಂದವಳು. ಓಣಿಯ ಮಹಿಳಾ ಭಜನಾ ಮಂಡಳಿಯಲ್ಲಿ ಕರಿ ನಾಲ್ಕರ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ (ಕೀಲಿಯ), ಶ್ರುತಿಯಲ್ಲಿ ನಾನೇ ಪದ ಎತ್ತುತ್ತಿದ್ದೆ. ಮೂರು ವರ್ಷದ ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಮಾತಿಗೆ ತೊಂದರೆಯಿಲ್ಲ, ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆಯುತ್ತದೆ. ಒಂದು ಮದುವೆಯ ಮನೆಯಲ್ಲಿ ಹಾಗಾದಾಗ ಕೆಲವರು ನಕ್ಕರು. ಅಂದಿನಿಂದ ಹಾಡು ಬಿಟ್ಟಿದ್ದೇನೆ. ಈಗ ಶ್ರಾವಣದ ಭಜನೆಗೆ ಗೆಳತಿಯರು ಕರೆಯುತ್ತಿದ್ದಾರೆ. ಮುಂದೆ ಕುಳಿತರೆ ನಗುತ್ತಾರೆ, ಹಿಂದೆ ಕುಳಿತರೆ ಮರುಗುತ್ತಾರೆ. ಮನೆಯಲ್ಲೇ ಉಳಿಯಲೇ?

ಉತ್ತರ: ಉಳಿಯಬೇಡಿ. ಹೋಗಿ, ಈ ಶ್ರಾವಣದ ಮಟ್ಟಿಗೆ ಹಿಮ್ಮೇಳದಲ್ಲಿ ಕುಳಿತುಕೊಳ್ಳಿ, ಕರಿ ನಾಲ್ಕನ್ನು ಮಾತ್ರ ಬಿಟ್ಟುಬಿಡಿ. ಮಾತು ಸರಿಯಿದೆಯಲ್ಲ, ಇನ್ನೇನು ಕೊರತೆ ಎಂದು ಮನೆಯವರು ಕೇಳಿರಬಹುದು. ಹಾಡಿಕೊಂಡು ಬೆಳೆದವರಿಗೆ ಹಾಡು ಹೋಗುವುದೆಂದರೆ ಏನೆಂಬುದು ಆ ಪ್ರಶ್ನೆ ಕೇಳುವವರಿಗೆ ತಿಳಿಯುವುದಿಲ್ಲ. ನಿಮ್ಮ ದುಃಖ ನಿಜವಾದದ್ದು, ಅದನ್ನು ನೀವೇ ಹಗುರವಾಗಿ ಕಾಣಬೇಡಿ.

ಮೊದಲು ಗಂಟಲಿನ ವಿಷಯ. ಥೈರಾಯ್ಡ್ ಗ್ರಂಥಿಯ ಮೇಲ್ತುದಿಯ ಪಕ್ಕದಲ್ಲೇ ಒಂದು ಸಣ್ಣ ನರ ಹಾದುಹೋಗುತ್ತದೆ. ಧ್ವನಿತಂತುಗಳನ್ನು ಎಳೆದು ಬಿಗಿಗೊಳಿಸಿ ಸ್ವರವನ್ನು ಮೇಲಕ್ಕೇರಿಸುವ ಸ್ನಾಯುವನ್ನು ನಡೆಸುವುದು ಅದೇ ಆದ್ದರಿಂದ, ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾದರೆ ಮಾತು ಮೊದಲಿನಂತೆಯೇ ಇದ್ದು ತಾರಸ್ಥಾಯಿ, ಅಂದರೆ ಮೇಲಿನ ಸ್ವರಗಳು, ಮಾತ್ರ ಕೈಕೊಡುತ್ತದೆ. ನಿಮಗೆ ಆಗಿರುವುದು ಅದೇ ಎಂದು ಪತ್ರ ನೋಡಿ ಹೇಳಲಾಗದು. ಥೈರಾಯ್ಡ್ ಮಾತ್ರೆಯ ಪ್ರಮಾಣ ಕಡಿಮೆಯಾದರೂ ದನಿ ಭಾರವಾಗುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೆಂಗಸರ ದನಿ ತುಸು ಇಳಿಯುತ್ತದೆ, ವರ್ಷಗಟ್ಟಲೆ ತರಗತಿಯಲ್ಲಿ ಕೂಗಿ ಪಾಠ ಮಾಡಿದವರ ಧ್ವನಿತಂತುಗಳಲ್ಲಿ ಗಂಟು ಕಟ್ಟಿಕೊಳ್ಳುವುದೂ ಉಂಟು. ಆದ್ದರಿಂದ ಕಲಬುರಗಿಯ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ದುರ್ಬೀನಿನಿಂದ ಗಂಟಲು ತೋರಿಸಿಕೊಳ್ಳಿ, ಮಾತ್ರೆಯ ಪ್ರಮಾಣ ಸಾಕಾಗಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಧ್ವನಿ ಚಿಕಿತ್ಸಕರ ಬಳಿಗೆ ಕಳುಹಿಸುವಂತೆ ವೈದ್ಯರನ್ನು ಕೇಳಿ. ನರಕ್ಕೇ ಪೆಟ್ಟಾಗಿದ್ದರೆ ಅದು ಚೇತರಿಸಿಕೊಳ್ಳುವುದು ಸಾಮಾನ್ಯವಾಗಿ ಮೊದಲ ವರ್ಷದಲ್ಲಿ. ಮೂರು ವರ್ಷ ಕಳೆದ ಮೇಲೆ ಹಳೆಯ ಎತ್ತರ ಪೂರ್ತಿಯಾಗಿ ಮರಳೀತೆಂಬ ಆಸೆಯನ್ನು ನಾನು ಹುಟ್ಟಿಸಲಾರೆ.

ಆದರೆ ಎತ್ತರ ಹೋದದ್ದಕ್ಕೆ ದನಿಯೇ ಹೋಯಿತೆಂದು ನೀವು ತಿಳಿದಿದ್ದೀರಿ. ಗಂಗೂಬಾಯಿ ಹಾನಗಲ್ಲರ ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿರುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ಗಂಡುದನಿಯಷ್ಟು ಗಡುಸಾಯಿತು. 2002ರಲ್ಲಿ ಪದ್ಮವಿಭೂಷಣ ಪಡೆದ, ಇಂದಿಗೂ ನಾವು ಕಿವಿಗೊಟ್ಟು ಕೇಳುವ ಗಂಗೂಬಾಯಿ ಹಾಡಿದ್ದು ಆ ಬದಲಾದ ದನಿಯಲ್ಲೇ. ನಿಮ್ಮ ಮಂಡಳಿಯ ಹಾರ್ಮೋನಿಯಂ ನುಡಿಸುವವರಿಗೆ ಶಸ್ತ್ರಚಿಕಿತ್ಸೆಯ ವಿಷಯ ಹೇಳಿ, ಒಂದೆರಡು ಪದಗಳನ್ನಾದರೂ ಬಿಳಿ ನಾಲ್ಕರಲ್ಲಿ ಇಡುವಂತೆ ಕೇಳಿಕೊಳ್ಳಿ. ಕರಿ, ಬಿಳಿ ಎರಡನ್ನೂ ಎಣಿಸಿದರೆ ಕರಿ ನಾಲ್ಕರಿಂದ ಕೆಳಗೆ ಅಲ್ಲಿಗೆ ಮೂರು ಮನೆಗಳ ಅಂತರ. ಒಡೆಯುತ್ತಿದ್ದ ಸ್ವರ ಅಷ್ಟರಲ್ಲೇ ಸಲೀಸಾಗಿ ಬಂದರೂ ಬಂದೀತು, ಬಾರದಿದ್ದರೆ ಇನ್ನೂ ಒಂದು ಮನೆ ಇಳಿಯಿರಿ.

ಹಿಮ್ಮೇಳವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಯಲ್ಲಿ ಒಬ್ಬರೇ ಇರುವಾಗ ನೀವು ಬಾಗಿಲು ಮುಚ್ಚಿಕೊಂಡು ಆ ಒಡೆಯುವ ಸ್ವರವನ್ನೇ ಮತ್ತೆ ಮತ್ತೆ ಪರೀಕ್ಷಿಸಿರುತ್ತೀರಿ. ಒಡೆದೀತೆಂದು ಕಾಯುವ ಗಂಟಲು ಮೊದಲೇ ಬಿಗಿದುಕೊಳ್ಳುತ್ತದೆ, ಬಿಗಿದ ಗಂಟಲಲ್ಲಿ ದನಿ ಒಡೆದೇ ಒಡೆಯುತ್ತದೆ. ಮೇಳದಲ್ಲಿ ಕಿವಿ ಪಕ್ಕದವರ ದನಿಯ ಮೇಲಿರುತ್ತದೆ. ನೀವು ಉಸಿರಿಗೆಂದು ನಿಂತಾಗ ಪಲ್ಲವಿ ನಿಲ್ಲುವುದಿಲ್ಲ, ಪ್ರತಿ ನುಡಿಯ ಕೊನೆಗೆ ಅದು ಮತ್ತೆ ಬರುತ್ತದೆ, ಈ ಸಲ ತಪ್ಪಿದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ತತ್ವಪದಕಾರರಾದ ಕಡಕೋಳ ಮಡಿವಾಳಪ್ಪನವರ, ಚೆನ್ನೂರ ಜಲಾಲಸಾಹೇಬರ ಪದಗಳನ್ನು ನಿಮ್ಮ ಸೀಮೆಯಲ್ಲಿ ಇಡೀ ರಾತ್ರಿ ಹಾಡುತ್ತಾರೆ. ಅಲ್ಲಿ ಕೂಡುವ ಎಲ್ಲರ ಕಂಠವೂ ಇಂಪಾಗಿರುವುದಿಲ್ಲ, ಪದ ಬಲ್ಲವರು ದನಿಗೂಡಿಸುತ್ತಾರೆ, ಅಷ್ಟೇ. ಒಂದು ಎಚ್ಚರವಿರಲಿ: ಢೋಲಕ್ ಮತ್ತು ತಾಳದ ಪಕ್ಕ ಕುಳಿತರೆ ನಿಮ್ಮ ದನಿ ನಿಮಗೇ ಕೇಳಿಸದೆ ಅರಿವಿಲ್ಲದಂತೆ ಕೂಗತೊಡಗುತ್ತೀರಿ, ಆದ್ದರಿಂದ ಹಾರ್ಮೋನಿಯಂ ಪಕ್ಕ ಜಾಗ ಹಿಡಿಯಿರಿ. ಪಕ್ಕದಲ್ಲಿ ನೀರಿರಲಿ, ಮರುದಿನ ಬೆಳಿಗ್ಗೆ ಗಂಟಲು ಕಟ್ಟಿದ್ದರೆ ಅಂದು ಸಂಜೆ ಬರಿಯ ತಾಳ ಹಾಕಿ.

ನಕ್ಕವರ ಬಗ್ಗೆ ಹೆಚ್ಚು ಹೇಳಲಾರೆ. ಅವರು ಮದುವೆಗೆ ಬಂದವರು, ಭಜನೆಗೆ ಕರೆಯುತ್ತಿರುವವರು ಬೇರೆ. ಮರುಕದ ಭಯ ಅದಕ್ಕಿಂತ ಆಳವಾದದ್ದು, ಏಕೆಂದರೆ ಪದ ಎತ್ತುವವಳು ಎಂಬ ಸ್ಥಾನಕ್ಕೆ ಅದು ಸಂಬಂಧಿಸಿದ್ದು. ಆ ಸ್ಥಾನ ಈಗ ಬೇರೊಬ್ಬರದಾಗಿದ್ದರೆ ಅವರೊಂದಿಗೆ ಮೊದಲೇ ಮಾತನಾಡಿ: ಮೇಲೇರುವ ನುಡಿಗಳನ್ನು ಅವರು ಹಾಡಲಿ, ಕೆಳಗಿನ ಸ್ವರದಲ್ಲಿ ನಡೆಯುವ ನುಡಿಗಳನ್ನು ನೀವು ಎತ್ತಿ. ಇಷ್ಟು ವರ್ಷಗಳಲ್ಲಿ ಬಾಯಿಪಾಠವಾದ ಎಷ್ಟೋ ಪದಗಳು ಆ ಮಂಡಳಿಯಲ್ಲಿ ನಿಮಗೊಬ್ಬರಿಗೇ ಪೂರ್ತಿ ಬರುತ್ತಿರಬಹುದು. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಮೊದಲ ಸೋಮವಾರಕ್ಕೆ ಮುಂಚೆ ಅವರಿಗೆ ಕಲಿಸಲು ಶುರುಮಾಡಿ.