ಕೋರಿರೊಟ್ಟಿ ಗಂಜಿಯಾದ ಕಥೆ ಹೇಳಿ

ಪ್ರಶ್ನೆ: ಅಪ್ಪ ಮಲ್ಪೆ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುತ್ತಿದ್ದರು. ಕಳೆದ ವರ್ಷ ಅನ್ನನಾಳದ ಕ್ಯಾನ್ಸರ್‌ನಿಂದ ತೀರಿಕೊಂಡರು, 61 ವರ್ಷವಾಗಿತ್ತು. ಮೊದಮೊದಲು ಕೋರಿರೊಟ್ಟಿ ಸಾರಿನಲ್ಲಿ ಚೆನ್ನಾಗಿ ನೆನೆಯಲಿ ಎನ್ನುತ್ತಿದ್ದರು. ಆಮೇಲೆ ನೀರುದೋಸೆ ಸಾಕು ಎಂದರು, ಕೊನೆಗೆ ಗಂಜಿ. ಹಲ್ಲುಸೆಟ್ಟಿನ ತೊಂದರೆ ಇರಬೇಕು ಎಂದುಕೊಂಡೆವು. ಬೀಡಿ ಬಿಟ್ಟಿದ್ದರು, ಎಲೆಅಡಿಕೆ ಬಿಟ್ಟಿರಲಿಲ್ಲ. ಮುಂದಿನ ತಿಂಗಳು ವರ್ಷಾಂತಿಕ. ಅಂದು ಅವರ ಹೆಸರಿನಲ್ಲಿ ಉಚಿತ ರಕ್ತಪರೀಕ್ಷೆ ಶಿಬಿರ ನಡೆಸುವ ಆಸೆಯಿದೆ. ಈ ಕಾಯಿಲೆಗೆ ಯಾವ ಪರೀಕ್ಷೆ ಮಾಡಿಸಬೇಕು?
– ಓದುಗರು, ಉಡುಪಿ

ಉತ್ತರ: ಶಿಬಿರದ ಹಣ ಉಳಿಸಿ. ಅನ್ನನಾಳದ ಕ್ಯಾನ್ಸರನ್ನು ಬೇಗ ಹಿಡಿದುಕೊಡುವಂಥ, ನೆಚ್ಚಬಹುದಾದ ರಕ್ತಪರೀಕ್ಷೆ ಇಲ್ಲ. ‘ಎಲ್ಲ ಸರಿಯಿದೆ’ ಎಂಬ ಚೀಟಿ ಪಡೆದು ಹೋದವರಿಗೆ ನಾಳೆ ತುತ್ತು ಸಿಕ್ಕಿಕೊಂಡರೆ, ಆ ಚೀಟಿಯನ್ನೇ ನಂಬಿ ಮನೆಯಲ್ಲಿ ಕುಳಿತುಬಿಡುತ್ತಾರೆ.

ಊರಿಗೆ ಹೇಳಬೇಕಾದದ್ದು ನಿಮ್ಮ ಪತ್ರದಲ್ಲೇ ಇದೆ: ರೊಟ್ಟಿ ಹೋಗಿ ನೀರುದೋಸೆ, ದೋಸೆ ಹೋಗಿ ಗಂಜಿ. ಅನ್ನನಾಳ ಹಿಗ್ಗುವ ಗುಣದ್ದು. ಸಾಮಾನ್ಯವಾಗಿ ಒಳದಾರಿ ಅರ್ಧಕ್ಕಿಂತ ಹೆಚ್ಚು ಕಿರಿದಾದ ಮೇಲೆಯೇ ಗಟ್ಟಿ ಆಹಾರ ತಡೆಯುತ್ತದೆ, ಅನಂತರ ಮೆತ್ತಗಿನದು, ಕಡೆಗೆ ನೀರು. ಅಷ್ಟರಲ್ಲಿ ರೋಗಿ ತನಗೆ ತಿಳಿಯದೆಯೇ ಊಟ ಬದಲಿಸಿಕೊಂಡಿರುತ್ತಾನೆ. ನಮ್ಮ ಕರಾವಳಿಯಲ್ಲಂತೂ ಗಂಜಿ ಕೇಳಿದವರನ್ನು ಯಾರೂ ಅನುಮಾನಿಸುವುದಿಲ್ಲ. ವಯಸ್ಸಾಯಿತು, ಹೊಟ್ಟೆಗೆ ಹಿತ ಎಂದು ಇನ್ನೊಂದು ಸೌಟು ಬಡಿಸುತ್ತೇವೆ. ಹಾಗಾಗಿ ನೀವು ಗುರುತಿಸಲಿಲ್ಲ ಎಂದು ಕೊರಗಬೇಡಿ. ಇದನ್ನೇ ‘ಗ್ಯಾಸ್’ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ ಬಂದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಾತ್ರೆ ಬರೆದುಕೊಟ್ಟವರೂ ವೈದ್ಯರೇ.

ಮಾಡಿಸಬೇಕಾದ ಪರೀಕ್ಷೆ ಎಂಡೋಸ್ಕೋಪಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ಕಿರುಬೆರಳಿನಷ್ಟು ದಪ್ಪದ ಕೊಳವೆ ಇಳಿಸಿ ಒಳಗೆ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಓಕರಿಕೆ ಬರುತ್ತದೆ, ನೋವಿಲ್ಲ. ಸಂಶಯ ಬಂದರೆ ಅಲ್ಲೇ ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದು ನಿತ್ಯದ ಕೆಲಸ. ತೀರಾ ಮೊದಲ ಹಂತದಲ್ಲಿ ಸಿಕ್ಕರೆ ಕೆಲವರಿಗೆ ಎಂಡೋಸ್ಕೋಪಿಯಿಂದಲೇ ಗಡ್ಡೆ ತೆಗೆಯಬಹುದು. ತಡವಾದರೆ ಕೀಮೋ, ವಿಕಿರಣ, ದೊಡ್ಡ ಶಸ್ತ್ರಚಿಕಿತ್ಸೆ. ಇನ್ನೂ ತಡವಾದರೆ ನುಂಗಲು ದಾರಿ ಮಾಡಿಕೊಡುವುದಷ್ಟೇ ನಮ್ಮ ಕೈಲಿರುತ್ತದೆ.

ಹಾಗೆಂದು ಊರಿಗೆಲ್ಲ ಎಂಡೋಸ್ಕೋಪಿ ಬೇಡ. ಗಟ್ಟಿ ಆಹಾರ ಎರಡು ವಾರದಿಂದ ತಡೆಯುತ್ತಿರುವವರು, ಕಾರಣವಿಲ್ಲದೆ ತೂಕ ಇಳಿದವರು, ದನಿ ಒಡೆದದ್ದು ಸರಿಹೋಗದವರು ಕಾಯಬಾರದು. ವರ್ಷಗಟ್ಟಲೆ ಎದೆಯುರಿ ಇರುವವರು ವೈದ್ಯರನ್ನು ಕೇಳಲಿ.

ಇನ್ನು ಎಲೆಅಡಿಕೆ. ನನ್ನ ಮಾವನ ಮನೆಯೂ ಅಡಿಕೆ ತೋಟದ ನಡುವೆಯೇ ಇದೆ, ಇದನ್ನು ಬರೆದು ಅಲ್ಲಿ ಊಟಕ್ಕೆ ಕೂರುವುದು ಸುಲಭವಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿದೆ. ಹೊಗೆಸೊಪ್ಪು ಹಾಕದ ಎಲೆಅಡಿಕೆಯೂ ಅನ್ನನಾಳಕ್ಕೆ ಕೇಡೇ. ಬೀಡಿ, ಮದ್ಯ ಎರಡೂ ಸೇರಿದವರಿಗೆ ಅಪಾಯ ಹಲವು ಪಟ್ಟು ಏರುತ್ತದೆ. ಬೀಡಿ ಬಿಟ್ಟರೆ ಅಪಾಯ ಇಳಿಯುತ್ತಾ ಬರುತ್ತದೆ, ಒಂದೇ ದಿನಕ್ಕಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವ ಅಭ್ಯಾಸದ ಮೇಲೂ ಸಂಶಯವಿದೆ. ಚಹಾ ಸ್ವಲ್ಪ ಆರಲಿ.

ವರ್ಷಾಂತಿಕದ ದಿನ ಎಲೆಅಡಿಕೆಯ ಹರಿವಾಣ ಇಡಬೇಡಿ. ಹಿರಿಯರು ಕೇಳಿಯೇ ಕೇಳುತ್ತಾರೆ. ಆಗ ಅಪ್ಪನ ಊಟದ ಕಥೆ ಹೇಳಿ. ಬ್ಯಾನರ್ ಬೇಡ, ಮೈಕೂ ಬೇಡ. ಪಂಕ್ತಿಯಲ್ಲಿ ಯಾರಾದರೂ ಪಲ್ಯ ಬದಿಗೆ ಸರಿಸಿ, ಸಾರನ್ನವನ್ನು ಕಲಸಿ ಕಲಸಿ ಪ್ರತಿ ತುತ್ತಿಗೂ ನೀರು ಕುಡಿಯುತ್ತಿರುವುದು ಕಂಡರೆ, ಮೊದಲು ಅವರ ಪಕ್ಕ ಹೋಗಿ ಕುಳಿತುಕೊಳ್ಳಿ.