ವಜಾ ಆದೇಶದ ಜೊತೆ ಒಂದು ತಿಂಗಳ ಸಂಬಳ: ಅಷ್ಟೇ ಸಾಕೇ?

ಪ್ರಶ್ನೆ: ವೇತನ ವಿವಾದ ಕೈಗಾರಿಕಾ ನ್ಯಾಯಾಧಿಕರಣದಲ್ಲಿದ್ದಾಗಲೇ, 2018ರಲ್ಲಿ, ಟಿಕೆಟ್ ಕೊಡದೆ ಹಣ ಪಡೆದ ಆರೋಪದ ಮೇಲೆ ನಮ್ಮ ಡಿಪೋದ ಕಂಡಕ್ಟರೊಬ್ಬರನ್ನು ವಜಾ ಮಾಡಿ, ಒಂದು ತಿಂಗಳ ಸಂಬಳ ಕೊಟ್ಟರು. ಅಷ್ಟು ಸಾಕೇ?

ಉತ್ತರ: ಖಂಡಿತ ಸಾಲದು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 33(2)(ಬಿ) ಕಲಂ ಪ್ರಕಾರ, ವಿವಾದ ಬಾಕಿ ಇರುವಾಗ ವಜಾ ಮಾಡುವುದಾದರೆ, ವಜಾ, ಸಂಬಳ, ಅದೇ ನ್ಯಾಯಾಧಿಕರಣಕ್ಕೆ ಅನುಮೋದನೆ ಕೋರುವ ಅರ್ಜಿ, ಮೂರೂ ಬೆನ್ನುಬೆನ್ನಿಗೇ ಆಗಬೇಕಿತ್ತು. ಚೆಕ್ಕಿನ ಮೊತ್ತವನ್ನೂ ನೋಡಿ: ಮೂಲವೇತನವಷ್ಟೇ ಬರೆದು ತುಟ್ಟಿಭತ್ಯೆ ಬಿಟ್ಟಿದ್ದರೆ ಅದೂ ಲೋಪವೇ. ಅನುಮೋದನೆಯನ್ನೇ ಕೇಳದಿದ್ದರೆ ವಜಾ ಅಸಿಂಧು, ನೌಕರ ಕೆಲಸದಲ್ಲೇ ಇದ್ದಂತೆ ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅರ್ಜಿ ಹಾಕಿದ್ದೇವೆ ಎಂಬ ಬಾಯಿಮಾತನ್ನು ನಂಬಬೇಡಿ, ಸಲ್ಲಿಕೆಯ ದಿನಾಂಕವಿರುವ ದೃಢೀಕೃತ ನಕಲು ಪಡೆಯಿರಿ. ಆರೋಪ ಆ ವಿವಾದಕ್ಕೇ ಸಂಬಂಧಿಸಿದ್ದರೆ ನಿಯಮ ಇನ್ನೂ ಬಿಗಿ: ವಜಾಕ್ಕೆ ಮೊದಲೇ ಲಿಖಿತ ಅನುಮತಿ ಬೇಕಿತ್ತು.